ಓಚೊ ರಿಯೋಸ್‌ಗೆ ಇಬ್ಬರು

ಸ್ಯಾನ್ ಡಿಯೇಗೊದ ಮಿಷನ್ ಬೇ ದಂಡೆಯಲ್ಲಿರುವ ಹೋಟೆಲಿನ ಬಾಗಿಲಲ್ಲಿ ಅಮೋಘ, ಹೀರೋ ಎಂಟ್ರಿಗೆ ಕಾಯುವ ಅಭಿಮಾನಿಯ ಹಾಗೆ ನಿಂತಿದ್ದ. ಮೈಮೇಲೆ ಹೊಸ ಅಂಗಿ. ಅದರ ತುಂಬ ಗಿಳಿ, ಅನಾನಸು, ತೆಂಗಿನಮರ. ಇನ್ನೊಂದಿಷ್ಟು ಜಾಗ ಉಳಿದಿದ್ದರೆ ಒಂದು ಮಂಗನನ್ನೂ ಕೂರಿಸಿರುತ್ತಿದ್ದರು. ನಮ್ರತಾ ನೋಡಿ ನಗಲಿ ಎಂದೇ ಕೊಂಡದ್ದು.

ನಮ್ರತಾ ಅವನ ಹೆಂಡತಿ. ಫೆಬ್ರವರಿಯಿಂದ ಅವಳು ಎರಡು ಗಂಟೆ ದಾರಿಯ ಲಾಂಗ್ ಬೀಚ್‌ನಲ್ಲಿ ಬೇರೆ ಮನೆ ಮಾಡಿಕೊಂಡು, ಸ್ಯಾನ್ ಪೀಡ್ರೊ ಬಂದರಿನ ಹತ್ತಿರ ಒಂದು ಸರಕು ಸಾಗಣೆ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದಳು. ಅಮೋಘ ಸ್ಯಾನ್ ಡಿಯೇಗೊದಲ್ಲೇ, ಮೀರಾ ಮೆಸಾದ ಹಳೇ ಮನೆಯಲ್ಲೇ ಉಳಿದಿದ್ದ. ಊರಲ್ಲಿರುವ ಹೆತ್ತವರಿಗೆ, ಆ ಕಡೆಯವರಿಗಾಗಲಿ ಈ ಕಡೆಯವರಿಗಾಗಲಿ, ಇದು ಗೊತ್ತಿರಲಿಲ್ಲ. ವಿಡಿಯೋ ಕಾಲ್ ಬಂದಾಗ ಅವನು “ಅವಳು ಕಾಸ್ಟ್‌ಕೋಗೆ ಸಾಮಾನು ತರೋಕೆ ಹೋಗಿದಾಳೆ” ಅನ್ನುತ್ತಿದ್ದ. ಅವಳು “ಅವನಿಗೆ ಆಫೀಸು” ಅನ್ನುತ್ತಿದ್ದಳು. ಅವನ ಮಾತು ನಂಬುವುದಾದರೆ ನಮ್ರತಾ ಕಾಸ್ಟ್‌ಕೋದಲ್ಲೇ ಸಂಸಾರ ಹೂಡಿರಬೇಕು.

ಇವತ್ತಿನ ಭೇಟಿಗೆ ಕಾರಣ ಒಂದು ನೀರಿನ ಬಾಟಲಿ. ಕಳೆದ ದೀಪಾವಳಿಗೆ, ಇಬ್ಬರೂ ಇನ್ನೂ ಒಂದೇ ಸೂರಿನಡಿ ಇದ್ದಾಗ, ಕನ್ನಡ ಸಂಘದ ಹಬ್ಬದಲ್ಲಿ ಒಂದು ಪ್ರವಾಸದ ಕಂಪನಿ ಸ್ಟಾಲ್ ಹಾಕಿತ್ತು. ಗಂಡ ಹೆಂಡತಿ ಹೆಸರು, ಫೋನ್ ನಂಬರ್ ಬರೆದು ಡಬ್ಬಿಗೆ ಹಾಕಿದವರಿಗೆ ಬಾಟಲಿ ಫ್ರೀ. ಫ್ರೀ ಅಂದಮೇಲೆ ನಮ್ಮವರು ಕೈಕಟ್ಟಿ ಕೂರುತ್ತಾರೆಯೇ? ಬಿಸಿಬೇಳೆಬಾತಿನ ಸಾಲಿಗಿಂತ ಆ ಸಾಲೇ ಉದ್ದವಾಗಿತ್ತು. ಮೇ ತಿಂಗಳಲ್ಲಿ ಫೋನ್ ಬಂತು: ಜಮೈಕಾದ ಓಚೊ ರಿಯೋಸ್ ಎಂಬ ಕಡಲೂರಿಗೆ ಇಬ್ಬರಿಗೆ ಪ್ರವಾಸ, ವಿಮಾನ, ರೆಸಾರ್ಟ್ ಎಲ್ಲ ಕಂಪನಿಯದೇ. ಷರತ್ತು ಒಂದೇ. ಗಂಡ ಹೆಂಡತಿ ಜೊತೆಯಾಗಿ ಬಂದು ಕೂತು ಅವರ ಮಾತು ಕೇಳಬೇಕು. ಆ ಮಾತು ಏನೆಂದು ಅಮೆರಿಕದಲ್ಲಿ ಎಲ್ಲರಿಗೂ ಗೊತ್ತು. ಪ್ರತಿ ವರ್ಷ ಒಂದು ವಾರ ಅವರ ರೆಸಾರ್ಟಿನಲ್ಲಿ ತಂಗುವ ಹಕ್ಕನ್ನು, ಸಾಯುವ ತನಕದ್ದು, ನಿಮ್ಮ ತಲೆಗೆ ಕಟ್ಟುತ್ತಾರೆ. ಒಬ್ಬರೇ ಬಂದರೆ “ಮನೇಲಿ ಕೇಳಿ ಹೇಳ್ತೀನಿ” ಎಂದು ತಪ್ಪಿಸಿಕೊಳ್ಳುತ್ತಾರಲ್ಲ, ಅದಕ್ಕೇ ಜೋಡಿಯೇ ಬೇಕು.

ಅಮೋಘ ಈ ಸುದ್ದಿಯನ್ನು ಹೆಂಡತಿಗಿಂತ ಮುಂಚೆ ದಾವಣಗೆರೆಯ ಅತ್ತೆ ದ್ರಾಕ್ಷಾಯಣಿಗೆ ಮುಟ್ಟಿಸಿಬಿಟ್ಟ. ಲೆಕ್ಕಾಚಾರ ಇಷ್ಟೇ: ಅತ್ತೆ ಮಗಳ ಬೆನ್ನು ಬೀಳುತ್ತಾರೆ, ಮಗಳು ಬರುತ್ತಾಳೆ, ಒಂದು ವಾರ ಸಮುದ್ರ, ಒಂದೇ ರೂಮು, ಮುಂದೆಲ್ಲ ತಾನಾಗಿ ಸರಿಹೋಗುತ್ತದೆ. ಸಿನಿಮಾದಲ್ಲಿ ಹಾಗೇ ಅಲ್ಲವೇ? ಹಾಡಿಗೆ ಮುಂಚೆ ಮುನಿಸು, ಹಾಡು ಮುಗಿಯುವಷ್ಟರಲ್ಲಿ ತೊಟ್ಟಿಲು.

ಅತ್ತೆ ಬೆನ್ನು ಬಿದ್ದದ್ದೂ ಆಯಿತು, ನಮ್ರತಾ ಫೋನ್ ಮಾಡಿದ್ದೂ ಆಯಿತು. “ಬರ್ತೀನಿ. ಕೂತು, ಕೇಳಿ, ಎದ್ದು ಬರೋಣ. ಹೊರಗೆ ಬಂದ ತಕ್ಷಣ ನೀನೇ ಅಮ್ಮಂಗೆ ಫೋನ್ ಮಾಡಿ ನಾವು ಬೇರೆ ಇದೀವಿ ಅಂತ ಹೇಳ್ಬೇಕು. ನಾನು ಒಂದು ಮಾತೂ ಸೇರಿಸಲ್ಲ. ಜಮೈಕಾ ಅಂತ ಆಸೆ ಹುಟ್ಸಿದ್ದು ನೀನು, ಇಳಿಸೋನೂ ನೀನೇ.”

“ಕೊಟ್ಟ ಮಾತಿಗೆ ತಪ್ಪೋದು ವಿಲನ್ ಜಾತಿ. ನಾನು ಪೋಸ್ಟರಲ್ಲಿ ಮಧ್ಯ ನಿಲ್ಲೋನು!” ಎಂದಿದ್ದ ಅಮೋಘ. ಒಪ್ಪಿದ್ದು ಬಾಯಿ ಮಾತ್ರ. ಟಿಕೆಟ್ ಕೈಗೆ ಬಂದರೆ ಅವಳ ಮನಸ್ಸು ತಿರುಗುತ್ತದೆ, ಆ ಫೋನ್ ಮಾಡುವ ಪ್ರಮೇಯವೇ ಬರುವುದಿಲ್ಲ ಎಂದು ಅವನು ನಂಬಿಕೊಂಡಿದ್ದ.

ಅವಳ ಕಾರು ಬಂತು. ಇಳಿದಳು. ಆಫೀಸಿಗೆ ಹೋಗುವ ಅದೇ ನೀಲಿ ಶರ್ಟು, ಅದೇ ಬ್ಯಾಗು.

“ಬಂದ್ಯಾ! ನೀನು ಬರೋ ದಾರೀಲಿ ಟ್ರಾಫಿಕ್ಕೂ ಸೈಡಿಗೆ ನಿಂತು ಸಲ್ಯೂಟ್ ಹೊಡೀಬೇಕು ಕಣೇ!”

“ಅರ್ವೈನ್ ಹತ್ರ ನಿಂತೇ ಇತ್ತು. ಸಲ್ಯೂಟ್ ಏನೂ ಹೊಡೀಲಿಲ್ಲ,” ಎಂದಳು. ಅವನ ಅಂಗಿಯನ್ನು ಒಮ್ಮೆ ನೋಡಿದಳು. “ಬೆಲೆ ಚೀಟಿ ಕಿತ್ತಿಲ್ಲ, ನೋಡು.” ಕಾಲರಿನಿಂದ ಅದನ್ನು ಕಿತ್ತು ಅವನ ಕೈಗಿಟ್ಟು ಒಳಗೆ ನಡೆದಳು. ನಗಲಿಲ್ಲ. ಕೋಪವನ್ನೂ ಮಾಡಿಕೊಳ್ಳಲಿಲ್ಲ. ಬಸ್ಸಿನಲ್ಲಿ ಪಕ್ಕ ಕೂತವರಿಗೆ “ನಿಮ್ಮ ಬ್ಯಾಗ್ ಜಿಪ್ ತೆಗೆದಿದೆ” ಎಂದು ಹೇಳುತ್ತಾರಲ್ಲ, ಆ ಧಾಟಿ.

ಲಿಫ್ಟಿನಲ್ಲಿ ಇಬ್ಬರೂ ಸೇರಿ ಪ್ಲಾನ್ ಮಾಡಿಕೊಂಡರು. ಮಾರಾಟದವರ ಹತ್ತಿರ ಇಂಗ್ಲಿಷು, ತಮ್ಮತಮ್ಮಲ್ಲಿ ಕನ್ನಡ. ಏನು ಕೇಳಿದರೂ ‘ಗ್ರೇಟ್, ವಂಡರ್‌ಫುಲ್’ ಅನ್ನುವುದು. ಪೆನ್ನು ಮುಂದೆ ಬಂದರೆ ‘ಯೋಚನೆ ಮಾಡ್ತೀವಿ’ ಎಂದು ಹೇಳಿ ಟಿಕೆಟ್ ಇಸಕೊಂಡು ಓಡುವುದು. ಸುಲಭದ ಕೆಲಸ.

ಹಾಲಿನಲ್ಲಿ ಹತ್ತಾರು ದುಂಡು ಮೇಜುಗಳು. ಪ್ರತಿ ಮೇಜಿಗೂ ಒಂದು ಜೋಡಿ, ಒಬ್ಬ ಮಾರಾಟದವ. ಬಾಗಿಲ ಬಳಿ ಟೈ ಕಟ್ಟಿದ ಮ್ಯಾನೇಜರ್ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದ. ಮೂಲೆಯ ಮೇಜಿನಿಂದ ಐವತ್ತು ದಾಟಿದ ಒಬ್ಬ ಹೆಂಗಸು ಎದ್ದು ಬಂದಳು. ತಲೆಗೆ ತಿಳಿಹಸಿರು ಸ್ಕಾರ್ಫ್, ಕೋಟಿನ ಮೇಲೆ ಕಂಪನಿಯ ಬಿಲ್ಲೆ.

“ಬನ್ನಿ ಬನ್ನಿ, ಕೂತ್ಕೊಳಿ. ಊಟ ಆಯ್ತಾ?”

ಇಬ್ಬರೂ ನಿಂತಲ್ಲೇ ನಿಂತರು.

“ನಾನು ಸಾಜಿದಾ ಅಂತ. ಮೈಸೂರು, ಮಂಡಿ ಮೊಹಲ್ಲಾ. ನಿಮ್ಮ ಹೆಸ್ರು ನೋಡಿದ್ ಕೂಡ್ಲೇ ಇವ್ರು ನನ್ನ ಟೇಬಲ್ಲಿಗೇ ಅಂತ ಹಾಕಿಸ್ಕೊಂಡೆ. ಬೆಳಿಗ್ಗೆಯಿಂದ ಇಂಗ್ಲಿಷ್ ಮಾತಾಡಿ ಮಾತಾಡಿ ದವಡೆ ನೋವು ಬಂದ್ಬಿಟ್ಟಿದೆ ನಂಗೆ!”

ಪ್ಲಾನು ಲಿಫ್ಟಿನಲ್ಲೇ ಉಳಿಯಿತು. ಇಂಗ್ಲಿಷಿನಲ್ಲಿ ಸುಳ್ಳು ಹೇಳುವುದು ಅಂಥ ಕಷ್ಟವಲ್ಲ. ‘ವಿ ಆರ್ ಗುಡ್’ ಎಂದರೆ ಮುಗಿಯಿತು, ಅದು ತಾಗುವುದು ಹಲ್ಲಿಗೆ ಮಾತ್ರ. ಆದರೆ ಸಾಜಿದಾ ಎದುರು ಕೂತು, ತನ್ನ ಡಬ್ಬಿಯಿಂದ ಚಕ್ಕುಲಿ ತೆಗೆದು ಮುಂದಿಟ್ಟು, “ಮದ್ವೆ ಆಗಿ ಎಷ್ಟು ವರ್ಷ ಆಯ್ತಮ್ಮ? ಚೆನ್ನಾಗಿ ನೋಡ್ಕೋತಾರಾ ಯಜಮಾನ್ರು?” ಎಂದು ಕೇಳಿದಾಗ ನಮ್ರತಾ ಚಕ್ಕುಲಿ ಮುರಿದಳು. ಸದ್ದು ಪಕ್ಕದ ಮೇಜಿಗೂ ಕೇಳಿಸಿತು.

“ನಾಲ್ಕು ವರ್ಷ ಆಂಟಿ,” ಎಂದಳು. ಎರಡನೇ ಪ್ರಶ್ನೆ ಅಲ್ಲೇ ಬಿದ್ದಿತ್ತು.

ಅಮೋಘ ಅದನ್ನು ಎತ್ತಿಕೊಂಡ. “ನೋಡ್ಕೊಳೋದಾ ಆಂಟಿ? ಇವಳ ಕಾಲಿಗೆ ಮುಳ್ಳು ಚುಚ್ಚಿದ್ರೆ ಆ ಗಿಡದ ವಂಶವೃಕ್ಷನೇ ಬುಡಸಮೇತ ಕಿತ್ತಾಕೋ ಗಂಡು ನಾನು!”

ಸಾಜಿದಾ ಮೇಜು ಬಡಿದು ನಕ್ಕಳು. “ಅಬ್ಬಬ್ಬಾ! ಮನೇಲಿ ದಿನಾ ಹಿಂಗೇನಾಮ್ಮ?”

“ದಿನಾ ಹಿಂಗೇ,” ಎಂದಳು ನಮ್ರತಾ.

ಸಾಜಿದಾ ಎರಡು ವಿಆರ್ ಕನ್ನಡಕ ತೆಗೆದಳು. ಹಾಕಿಕೊಂಡರೆ ಇಲ್ಲೇ ಕೂತು ಊರೆಲ್ಲ ತಿರುಗಬಹುದು. ಕಣ್ಣು ಮುಚ್ಚುವಷ್ಟು ದಪ್ಪನೆಯ ಪೆಟ್ಟಿಗೆ ಮುಖಕ್ಕೆ ಬಿಗಿದಾಗ ಅಮೋಘನಿಗೆ ಹಾಲು ಮಾಯವಾಯಿತು. ನೀಲಿ ಸಮುದ್ರ ಬಂತು, ಬಿಳೀ ಮರಳು ಬಂತು. ಸಾಜಿದಾಳ ದನಿ ಆಕಾಶವಾಣಿಯಂತೆ ಮೇಲಿನಿಂದ ಕೇಳಿತು.

“ಇದೇ ಓಚೊ ರಿಯೋಸ್. ಅಲ್ಲಿನವ್ರು ಪ್ರೀತಿಯಿಂದ ಓಚಿ ಅಂತಾರೆ. ಮೊದ್ಲು ಮೀನು ಹಿಡಿಯೋ ಹಳ್ಳಿ. ಈಗ ನೋಡಿ, ಹಡಗು ಹಡಗು ಜನ ಬಂದು ಇಳೀತಾರೆ.”

“ಆ ಕಡೆ ಇರೋ ಜೆಟ್ಟಿ ಬೇರೆ ಥರ ಇದೆ,” ಎಂದಿತು ನಮ್ರತಾಳ ದನಿ. “ಅದು ಪ್ರಯಾಣಿಕರದ್ದಲ್ಲ. ಬಾಕ್ಸೈಟ್ ಅದಿರು ತುಂಬೋದು ಅನ್ಸುತ್ತೆ.”

“ಅದನ್ನ ಯಾರೂ ನೋಡಲ್ಲಮ್ಮ! ನೀವು ಬಲಗಡೆ ನೋಡಿ, ಬೀಚ್ ನೋಡಿ.”

ಬೀಚ್ ನೋಡಿದರು. ಎರಡೂ ಕಡೆ ಜರೀಗಿಡ ಬಾಗಿದ, ಬಿಸಿಲೇ ಬೀಳದ ಒಂದು ದಾರಿಯಲ್ಲಿ ಸಾಗಿದರು. ಅದಕ್ಕೆ ಫರ್ನ್ ಗಲ್ಲಿ ಎಂದು ಹೆಸರು. ಗುಹೆಯೊಂದಕ್ಕೆ ಇಳಿದರು, ತಳದಲ್ಲಿ ಹಸಿರು ನೀರಿನ ಕೊಳ. ಬೆಟ್ಟದ ಮೇಲಿಂದ ಕಂಬಿಯ ಗಾಡಿಯಲ್ಲಿ ಕಾಡಿನೊಳಗೆ ಸುಂಯ್ ಎಂದು ಜಾರಿದರು. ಅಮೋಘ “ಹೋ!” ಎಂದು ಕೂಗಿದ. ಕೂಗಬೇಕಾದ ಜಾಗ ಅದು, ಅದಕ್ಕೆ ಕೂಗಿದ. ಹೊಟ್ಟೆಯಲ್ಲಿ ಏನೂ ಜುಂ ಅನ್ನಲಿಲ್ಲ. ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ಮೇಲೆ ಕೆನ್ನೆ ಇನ್ನೊಬ್ಬರದಾಗುತ್ತದಲ್ಲ, ಅವನಿಗೆ ಫೆಬ್ರವರಿಯಿಂದ ಇಡೀ ಮೈ ಹಾಗೆ.

“ಇವ್ಳು ಮಾಂಸ ತಿನ್ನಲ್ಲ ಆಂಟಿ. ಅಲ್ಲಿ ಊಟಕ್ಕೆ ಏನ್ಮಾಡೋದು?” ಎಂದು ಕೇಳಿದ. ನಿಜವಾಗಿ ಹೋಗುವವರು ಕೇಳುವ ಪ್ರಶ್ನೆ ಎಂದು ಅವನಿಗೇ ಖುಷಿಯಾಯಿತು.

“ಜಟೆ ಬಿಟ್ಕೊಂಡಿರ್ತಾರಲ್ಲ ಅಲ್ಲಿನ ರಾಸ್ತಾ ಪಂಥದೋರು, ಅವ್ರಲ್ಲಿ ತುಂಬಾ ಜನ ಮಾಂಸ ಮುಟ್ಟಲ್ಲ. ತೆಂಗಿನ ಹಾಲಲ್ಲಿ ಕಾಳು, ಕುಂಬಳಕಾಯಿ ಬೇಯಿಸಿ ಕೊಡ್ತಾರೆ. ಸಾಗು ಇದ್ದಂಗೇ ಇರುತ್ತೆ. ಈಗ ನೋಡಿ, ಈಗ ಬರುತ್ತೆ ಮೇನ್ ಐಟಂ!”

ಎದುರಿಗೆ ಡನ್ಸ್ ರಿವರ್ ಜಲಪಾತ. ಸಮುದ್ರದ ದಂಡೆಯಿಂದಲೇ ಮೆಟ್ಟಿಲು ಮೆಟ್ಟಿಲಾದ ಬಂಡೆ, ಅದರ ಮೇಲೆ ನೊರೆ ನೊರೆಯಾಗಿ ಇಳಿಯುವ ನೀರು. ಜನ ಒಬ್ಬರ ಕೈ ಒಬ್ಬರು ಹಿಡಿದು, ಉದ್ದನೆಯ ಸರಪಳಿಯಾಗಿ, ನೀರಿಗೆ ಎದುರಾಗಿ ಮೇಲೆ ಹತ್ತುತ್ತಿದ್ದರು.

“ಇಲ್ಲಿ ಒಬ್ಬೊಬ್ರೇ ಹತ್ತಂಗಿಲ್ಲ, ಜಾರಿ ಬೀಳ್ತೀರಾ. ಕೈ ಹಿಡ್ಕೊಂಡೇ ಹತ್ಬೇಕು. ಹೂಂ, ಹಿಡ್ಕೊಳಿ ಇಬ್ರೂ! ಇಲ್ಲೂ ಹಿಡ್ಕೊಳಿ, ಆಗ್ಲೇ ಮಜಾ.”

ಅಮೋಘ ಎಡಗೈ ಚಾಚಿದ. ಗಾಳಿಯಲ್ಲಿ ತಡಕಾಡಿದ. ಸ್ವಲ್ಪ ಹೊತ್ತಿಗೆ ಒಂದು ಕೈ ಸಿಕ್ಕಿತು. ಏಸಿಗೆ ತಣ್ಣಗಾಗಿದ್ದ, ಚಕ್ಕುಲಿಯ ಪುಡಿ ಅಂಟಿದ್ದ ಕೈ. ಅವನು ಕನ್ನಡಕದೊಳಗೇ ಎಡಕ್ಕೆ ತಿರುಗಿ ನೋಡಿದ. ಅಲ್ಲಿ ನಮ್ರತಾ ಇರಲಿಲ್ಲ. ಹಳದಿ ಟೋಪಿ ಹಾಕಿದ ಯಾರೋ ಬೊಜ್ಜಿನ ಗಂಡಸು ಅವನ ಕೈ ಹಿಡಿದು ಹಲ್ಲು ಕಿರಿಯುತ್ತಿದ್ದ. ನೀರು ಮಂಡಿಗೆ ಅಪ್ಪಳಿಸುತ್ತಿತ್ತು, ಪ್ಯಾಂಟು ಒಣಗಿಯೇ ಇತ್ತು. ಒಂದು ಬಂಡೆ, ಇನ್ನೊಂದು ಬಂಡೆ. ಅಮೋಘ ಆ ಕೈಯನ್ನು ಸ್ವಲ್ಪ ಒತ್ತಿದ. ಅದು ಬಿಡಿಸಿಕೊಳ್ಳಲಿಲ್ಲ, ತಿರುಗಿ ಒತ್ತಲೂ ಇಲ್ಲ. ಜಲಪಾತ ಮುಗಿದದ್ದೇ ಅದು ಹೊರಟುಹೋಯಿತು.

ಕನ್ನಡಕ ತೆಗೆದಾಗ ಇಬ್ಬರ ಕಣ್ಣ ಸುತ್ತಲೂ ಕೆಂಪು ಗೆರೆ ಬಿದ್ದಿತ್ತು. ಸಾಜಿದಾ ಇನ್ನೊಂದು ಮಾತು ಸೇರಿಸದೆ ಒಪ್ಪಂದದ ಹಾಳೆ, ಅದರ ಮೇಲೆ ಪೆನ್ನು ಇಟ್ಟು ಎದ್ದಳು. ಅದು ಅವರ ವೃತ್ತಿಯ ಪಟ್ಟು; ಇಷ್ಟೊತ್ತು ಬಿಡದೆ ಮಾತಾಡಿ, ಕೊನೆಗೆ ಗಂಡ ಹೆಂಡತಿಯನ್ನೇ ಒಬ್ಬರ ಮೇಲೊಬ್ಬರನ್ನು ಬಿಡುವುದು. “ನೀವಿಬ್ರೂ ಆರಾಮಾಗಿ ಮಾತಾಡ್ಕೊಳಿ. ಪ್ರತೀ ವರ್ಷ ಒಂದು ವಾರ. ನಿಮ್ಮಿಬ್ರ ಹೆಸ್ರಲ್ಲೇ. ನಾನು ಟೀ ತರ್ತೀನಿ.”

ಅವಳು ಅತ್ತ ಹೋದಳು. ಅಮೋಘ ದನಿ ಇಳಿಸಿದ.

“ಚೆನ್ನಾಗಿತ್ತಲ್ವಾ?”

“ಚೆನ್ನಾಗಿತ್ತು.”

“ಟಿಕೆಟ್ ಹೇಗೂ ಸಿಗುತ್ತೆ. ಒಂದ್ಸಲ ಹೋಗಿ ಬರೋಣ ಕಣೇ. ಒಂದೇ ಸಲ.”

ನಮ್ರತಾ ಪೆನ್ನಿನ ಮುಚ್ಚಳ ನೋಡುತ್ತಿದ್ದಳು. “ಹೋಗಿ?”

“ಹೋಗಿ… ಇರೋಣ. ಮಾತಾಡೋಣ.”

“ಏನ್ ಮಾತಾಡ್ತೀಯ ಅಮೋಘ? ಸ್ಕ್ಯಾನ್ ಮಾಡಿ, ಏನೋ ಗಂಟಿದೆ, ಬಯಾಪ್ಸಿ ಮಾಡ್ಬೇಕು ಅಂದ್ರು. ಅವತ್ತು ಟೊರ್ರಿ ಪೈನ್ಸ್ ಆಸ್ಪತ್ರೆಯಿಂದ ಮನೆಗೆ ಬರೋವರೆಗೂ ಕಾರಲ್ಲಿ ಪ್ರಾಕ್ಟೀಸ್ ಮಾಡ್ಕೊಂಡು ಬಂದೆ, ನಿಂಗೆ ಹೇಗೆ ಹೇಳೋದು ಅಂತ. ನೀನೇನಂದೆ, ನೆನಪಿದ್ಯಾ?”

ಅವನಿಗೆ ನೆನಪಿತ್ತು. ಸೋಫಾದಿಂದ ಎದ್ದು, ಕಾಲರ್ ಎತ್ತಿ ಅಂದಿದ್ದ: ‘ಯಮ ಬಂದ್ರೂ ಟೋಕನ್ ತಗೊಂಡು ಹೊರಗೆ ಕೂತ್ಕೊ ಅನ್ನೋ ಮನೆತನ ಕಣೇ ನಮ್ದು!’

“ರಿಪೋರ್ಟ್ ಏನೂ ಇಲ್ಲ ಅಂತ ಬಂತಲ್ಲ…”

“ಬಂತು. ಅಷ್ಟರೊಳಗೆ ಒಂದು ವಾರ ನಾನೊಬ್ಳೇ ಇದ್ದೆ. ನೀನು ಪಕ್ಕದಲ್ಲೇ ಇದ್ದೆ.” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಯಾವ ಹಡಗು ಯಾವ ಕಟ್ಟೆಗೆ ಬಂತೆಂದು ಆಫೀಸಿನಲ್ಲಿ ಹೇಳುವ ಹಾಗೆ ಹೇಳಿದಳು. “ನಂಗೀಗ ಕೋಪನೂ ಇಲ್ಲ. ಇದ್ದಿದ್ರೆ ಬಹುಶಃ ಜಮೈಕಾಗೆ ಬರ್ತಿದ್ದೆನೋ ಏನೋ.”

ಅಮೋಘ ಬಾಯಿ ತೆರೆದ. ಒಳಗೆ ಸಾಲಾಗಿ ನಿಂತಿದ್ದ ಡೈಲಾಗುಗಳೆಲ್ಲ ನುಗ್ಗಿ ಬಂದವು: ತ್ಯಾಗದ್ದು, ಸವಾಲಿನದು, ಮಳೆಯಲ್ಲಿ ಮಂಡಿಯೂರಿ ಹೇಳುವುದು. ‘ಹೋಗಬೇಡ’ ಎಂಬ ಎರಡಾಣೆಯ ಮಾತಿಗೆ ಆ ನೂಕುನುಗ್ಗಲಿನಲ್ಲಿ ದಾರಿ ಸಿಗಲಿಲ್ಲ. ಅವನು ಪೆನ್ನು ಎತ್ತಿಕೊಂಡ.

“ಏನ್ ಮಾಡ್ತಿದೀಯ?”

“ತಗೊಳ್ತೀನಿ.”

“ಏನು?”

“ಇದನ್ನ. ಪ್ರತೀ ವರ್ಷ ಒಂದು ವಾರ.” ಹಾಳೆ ತನ್ನ ಕಡೆಗೆ ಎಳೆದುಕೊಂಡ. ಸಾಯುವ ತನಕ, ಇಬ್ಬರ ಹೆಸರಲ್ಲಿ. ಇದಕ್ಕಿಂತ ಗಟ್ಟಿಯಾಗಿ ಹೇಳುವುದು ಅವನಿಗೆ ತಿಳಿದಿರಲಿಲ್ಲ.

ಟೀ ಹಿಡಿದು ಬಂದ ಸಾಜಿದಾಳಿಗೆ ಆ ಕೈಯಲ್ಲಿನ ಪೆನ್ನು ದೂರದಿಂದಲೇ ಕಂಡಿತು. ಕಪ್ಪುಗಳನ್ನು ತುಳುಕಿಸಿಕೊಂಡೇ ಬಂದು ಕೂತಳು. “ಶಾಭಾಷ್! ನಂಗೊತ್ತಿತ್ತು. ಈ ವಾರ ಒಂದೂ ಹೋಗಿರ್ಲಿಲ್ಲ ನಂದು, ನಮ್ಮೂರ ಮಕ್ಳೇ ಕೈ ಹಿಡಿದ್ರಿ. ಇಲ್ಲಿ ಅವ್ರು ಹಾಕ್ಲಿ, ಇಲ್ಲಿ ನೀವಮ್ಮ.”

ಅಮೋಘ ಬರೆಯಲು ಬಗ್ಗಿದ. ನಮ್ರತಾ ಆ ಹಾಳೆಯ ಮೇಲೆ ಅಂಗೈ ಊರಿದಳು.

“ಆಂಟಿ, ನಾವು ಜೊತೇಲಿಲ್ಲ. ಫೆಬ್ರವರಿಯಿಂದ ಬೇರೆ ಬೇರೆ ಇದೀವಿ. ನಾನು ಲಾಂಗ್ ಬೀಚಲ್ಲಿ ಇರೋದು.”

ಸಾಜಿದಾಳ ಮುಖದಲ್ಲಿ ಮಾರಾಟದ ನಗು ಹಾಗೇ ನಿಂತಿತ್ತು. ಅದರ ಹಿಂದಿನಿಂದ ಇನ್ನೊಬ್ಬ ಹೆಂಗಸು ಇಣುಕಿ ಇಬ್ಬರನ್ನೂ ನೋಡಿದಳು. ಅಮೋಘನ ಅಂಗಿಯನ್ನೂ ನೋಡಿದಳು.

“ಏನ್ರಪ್ಪಾ ನೀವು,” ಎಂದಳು ತುಟಿ ಅಲುಗಿಸದೆ. “ಕೈ ಕೈ ಹಿಡಿಸ್ಬಿಟ್ನಲ್ಲ ನಾನು.” ಹಾಳೆಯನ್ನು ಮೆಲ್ಲಗೆ ಎಳೆದು ಮಡಿಸಿದಳು. “ನೋಡಿ, ಬೇರೆ ಇರೋರ್ನ ಈ ಟೇಬಲ್ಲಿಗೆ ಕೂರಿಸಂಗೇ ಇಲ್ಲ. ಟಿಕೆಟ್ಟೂ ಕೊಡೋಕಾಗಲ್ಲ. ನನ್ನ ಕೆಲಸಕ್ಕೇ ಕುತ್ತು ಬರುತ್ತೆ. ಬಾಗ್ಲಲ್ಲಿ ನಮ್ಮ ಮ್ಯಾನೇಜರ್ ಇದಾನೆ, ಇತ್ಲಾಗೇ ನೋಡ್ತಿದಾನೆ. ಎದ್ದೇಳಿ. ಆದ್ರೆ ನಗ್ತಾ ನಗ್ತಾ ಎದ್ದೇಳಿ. ಯೋಚ್ನೆ ಮಾಡಿ ಹೇಳ್ತೀವಿ ಅಂತ ಅಂದಂಗೆ. ಜೊತೇಲೇ ಹೋಗಿ. ಟೀ ಕುಡ್ಕೊಂಡ್ ಹೋಗಿ ಮತ್ತೆ.”

ಟೀ ಕುಡಿದರು. ಆಮೇಲೆ ಎದ್ದರು. ಅಮೋಘ ಹಲ್ಲು ಬಿಟ್ಟ, ನಮ್ರತಾಳೂ ಹಲ್ಲು ಬಿಟ್ಟಳು. ಅವನು ಬೇಕೆಂದು ಹಂಬಲಿಸಿದ್ದ ನಗು ಕೊನೆಗೂ ಬಂತು, ಮ್ಯಾನೇಜರಿನ ಹತ್ತಿರ ಹಾಯುವಾಗ ಸ್ವಲ್ಪ ಹೆಚ್ಚೇ ಬಂತು, ಲಿಫ್ಟಿನ ಬಾಗಿಲು ಮುಚ್ಚಿದ ಕೂಡಲೇ ನಿಂತಿತು.

ಪಾರ್ಕಿಂಗಿನಲ್ಲಿ ಬಿಸಿಲು ಇನ್ನೂ ಇತ್ತು. ಕೊಲ್ಲಿಯ ನೀರಿನಲ್ಲಿ ಯಾರೋ ಹಲಗೆಯ ಮೇಲೆ ನಿಂತು ಹುಟ್ಟು ಹಾಕುತ್ತಿದ್ದರು. ದಾವಣಗೆರೆಯಲ್ಲಿ ಆಗ ಬೆಳಗಾಗುತ್ತಿತ್ತು, ಅತ್ತೆ ಎದ್ದಿರುವ ಹೊತ್ತು. ನಮ್ರತಾ ಕಾರಿಗೆ ಒರಗಿ ನಿಂತಳು. ಅಮೋಘ ಫೋನ್ ತೆಗೆದು ಸ್ಪೀಕರಿಗೆ ಹಾಕಿದ.

“ಏನ್ರೀ ಅಳಿಯಂದ್ರೇ! ಸಿಕ್ತೇನು ಟಿಕೆಟ್ಟು?”

“ಇಲ್ಲ ಅತ್ತೆ. ಒಂದ್ ವಿಷ್ಯ ಹೇಳ್ಬೇಕಿತ್ತು. ನಾನೂ ನಮ್ರತಾನೂ ಬೇರೆ ಬೇರೆ ಇದೀವಿ. ಫೆಬ್ರವರಿಯಿಂದ.”

ಆ ಕಡೆಯಿಂದ ನಗು ಕೇಳಿಸಿತು, ಹೊಟ್ಟೆಯಿಂದ ಬಂದ ನಗು. “ಬೆಳಬೆಳಿಗ್ಗೆನೇ ಶುರು ಹಚ್ಕಂಡ್ರಾ ನಿಮ್ ನಾಟಕ? ನೌಕರಿ ಬಿಟ್ಟೆ, ಸಿನಿಮಾ ಸೇರ್ತೀನಿ ಅಂತ ಹೋದ ವರ್ಷ ನನ್ನ ಅಳ್ಸಿದ್ರಿ. ಈ ಸಲ ನಾ ಬೀಳಂಗಿಲ್ಲ ನೋಡ್ರಿ!”

“ತಮಾಷೆ ಅಲ್ಲ ಅತ್ತೆ.”

“ಅವತ್ತೂ ಇದನ್ನೇ ಅಂದಿದ್ರಿ! ಮ್ಯಾಲ ಅತ್ತಂಗ ಬ್ಯಾರೆ ಮಾಡಿದ್ರಿ, ನಂಗ ಗೊತ್ತಿಲ್ಲೇನು?”

ಅಮೋಘ ನಮ್ರತಾಳ ಕಡೆ ನೋಡಿದ. ‘ಅಮ್ಮ’ ಎಂದು ಅವಳೊಂದು ಮಾತು ಆಡಿದರೆ ಸಾಕಿತ್ತು. ಅವಳು ಹಲಗೆಯ ಮೇಲೆ ಹೋಗುತ್ತಿದ್ದವರನ್ನು ನೋಡುತ್ತಿದ್ದಳು. ಅವನು ಒಳಗೆ ಹುಡುಕಿದ. ಒಂದು ಡೈಲಾಗೂ ಇರಲಿಲ್ಲ. ಶೋ ಮುಗಿದ ಥಿಯೇಟರಿನ ಹಾಗೆ ಖಾಲಿ ಕುರ್ಚಿಗಳು.

“ಅನ್ನ ಎಷ್ಟಿಡ್ಬೇಕು ಅಂತ ನಂಗಿನ್ನೂ ಗೊತ್ತಾಗ್ತಿಲ್ಲ ಅತ್ತೆ,” ಎಂದ. “ಕುಕ್ಕರಲ್ಲಿ ಯಾವಾಗ್ಲೂ ಇಬ್ರಿಗಾಗೋವಷ್ಟು ಇಟ್ಬಿಡ್ತೀನಿ. ಮಾರನೇ ದಿನ ಒಗ್ಗರಣೆ ಹಾಕ್ಕೊ‍ಂಡು ತಿಂತೀನಿ. ಆ ಕಡೆ ರೂಮಿನ ಬಾಗ್ಲು ತೆಗೆಯೋದೇ ಇಲ್ಲ. ಅವಳ ಬಟ್ಟೆ ಹ್ಯಾಂಗರ್‌ಗಳಿವೆ ಅಲ್ಲಿ, ಖಾಲಿ.”

ನಗು ನಿಂತಿತು. ಅಷ್ಟು ದೂರದಲ್ಲಿ ಯಾರೋ ಅಂಗಳ ಗುಡಿಸುತ್ತಿದ್ದ ಸದ್ದು ಫೋನಿನಲ್ಲಿ ಬಹಳ ಹೊತ್ತು ಕೇಳಿಸಿತು.

“ಅಮೋಘ,” ಎಂದರು ದ್ರಾಕ್ಷಾಯಣಿ. ಅಳಿಯಂದ್ರು ಅನ್ನಲಿಲ್ಲ. “ಅಕಿ ಎಲ್ಲದಾಳಪ್ಪಾ?”

“ಇಲ್ಲೇ ಇದಾಳೆ ಅತ್ತೆ.”

ನಮ್ರತಾ ಕೈ ಚಾಚಿದಳು. ಅವನು ಫೋನ್ ಕೊಟ್ಟ. ಅವಳು ಸ್ಪೀಕರ್ ತೆಗೆದು ಕಿವಿಗಿಟ್ಟುಕೊಂಡು, “ಅಮ್ಮ, ನಾನು,” ಎನ್ನುತ್ತ ಕಾರುಗಳ ಸಾಲಿನ ನಡುವೆ ನೀರಿನ ಕಡೆಗೆ ನಡೆದಳು. ಬೆನ್ನು ಮಾತ್ರ ಕಾಣುತ್ತಿತ್ತು. ಒಮ್ಮೆ ಅದು ಬಾಗಿತು. ಅಳುವೋ, ಚಪ್ಪಲಿಗೆ ಸಿಕ್ಕ ಕಲ್ಲೋ, ಅಷ್ಟು ದೂರದಿಂದ ತಿಳಿಯಲಿಲ್ಲ.

ಅಮೋಘ ಹಿಂದೆ ಹೋಗಲಿಲ್ಲ. ಅವಳ ಕಾರಿನ ಪಕ್ಕದಲ್ಲೇ ನಿಂತ. ಫೋನ್ ಅವನದು, ಕೊಡಲಿಕ್ಕಾದರೂ ಅವಳು ಇಲ್ಲಿಗೆ ಬರಲೇಬೇಕಿತ್ತು.